ಬೇಕಾರ ಅಂತ ಬರೀಬ್ಯಾಡ್ರಿ

ಕೊಪ್ಪಳದ ಕೋಟೆ ಓಣಿಯ ಗೌಸಬೀಗೆ ಯಾರಾದರೂ ‘ಬ್ಯಾಡ’ ಅಂದರೆ ಮುಗಿಯಿತು, ಆ ಕೆಲಸ ಅವತ್ತೇ ಆಗಬೇಕು. ಅವಳ ಗಂಡ ಜಿಲಾನಸಾಬ ಹಳ್ಳಿಹಳ್ಳಿ ತಿರುಗಿ ಬಳೆ ಮಾರುತ್ತಿದ್ದವನು. ಒಂದು ಮಳೆಗಾಲದಲ್ಲಿ ಚಳಿಜ್ವರ ಹತ್ತಿ ಎಂಟೇ ದಿನಕ್ಕೆ ಹೋಗಿಬಿಟ್ಟ. ಗೌಸಬೀ ನಾಲ್ಕು ತಿಂಗಳು ಹತ್ತು ದಿನ ಪರದೆಯಲ್ಲಿ ಕೂತಳು. ಎದ್ದ ಮರುದಿನವೇ ಗೋಡೆಯ ಗೂಟಕ್ಕೆ ನೇತುಬಿದ್ದಿದ್ದ ಬಳೆ ಪೋಣಿಸಿ ಕಟ್ಟಿದ ಮಲಾರವನ್ನು ಇಳಿಸಿ ಹೆಗಲಿಗೇರಿಸಿದಳು.

ಮೈದುನ ಶಬ್ಬೀರಸಾಬ ಬಾಗಿಲಿಗೆ ಅಡ್ಡ ನಿಂತ. “ಗಂಡ ಸತ್ತಾಕಿ ಮುತ್ತೈದೇರಿಗೆ ಬಳಿ ಇಡಸ್ತಾಳಂದ್ರ ಯಾರು ಕೈ ಕೊಡ್ತಾರ ಭಾಬಿ? ನಗಪಾಟಲಾಗ್ತದ. ಬ್ಯಾಡ.”

“ಒಡದಿದ್ದು ನನ್ನ ಕೈಯಾಗಿನ ಬಳಿ. ನನ್ನ ಕಸಬು ಒಡದಿಲ್ಲ. ಸರಿ ಆ ಕಡೆ,” ಅಂದಳು ಗೌಸಬೀ.

ಮೊದಮೊದಲು ಇರಕಲ್ಲಗಡದ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಅವಳ ಬೋಳು ಮಣಿಕಟ್ಟು ನೋಡಿ ಹಿಂದೆ ಸರಿದದ್ದು ಖರೆ. ಆದರೆ ಗೌಸಬೀಯ ಬೆರಳಿನಲ್ಲಿ ಒಂದು ಗುಣವಿತ್ತು. ಎಂಥ ಒರಟು ಕೈ ಇರಲಿ, ಎಲುಬನ್ನು ಹಿತವಾಗಿ ಒತ್ತಿ, ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸುತ್ತಿದ್ದಳು. ಒಂದೂ ಒಡೆಯುತ್ತಿರಲಿಲ್ಲ, ನೋವೂ ಆಗುತ್ತಿರಲಿಲ್ಲ. ವರುಷ ಕಳೆಯುವಷ್ಟರಲ್ಲಿ ಇರಕಲ್ಲಗಡದಿಂದ ಅಳವಂಡಿಯ ತನಕ ‘ಗೌಸಕ್ಕ ಬರಲಿ, ಆಮ್ಯಾಲೆ ಇಡಿಸ್ಕೊಂಡ್ರಾತು’ ಎಂದು ಕಾಯುವ ಮನೆಗಳಾದವು.

೧೯೩೬ರಲ್ಲಿ ಕಾರಹುಣ್ಣಿಮೆ ಕಳೆದು ವಾರವಾಗಿತ್ತು. ಇರಕಲ್ಲಗಡದ ಆಚೆಗಿನ ಜಾಲಿಕಟ್ಟಿ ಎಂಬ ಸಣ್ಣ ಊರಿಗೆ ಗೌಸಬೀ ಏರುಬಿಸಿಲಿನಲ್ಲಿ ಬಂದು, ಚಾವಡಿಯ ಮುಂದಿನ ಬೇವಿನ ನೆರಳಿನಲ್ಲಿ ಮಲಾರ ಇಳಿಸಿ ಕೂತಳು. ಚಾವಡಿಯಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ಕೋಟು ತೊಟ್ಟ, ಚಷ್ಮಾ ಹಾಕಿದ ಒಬ್ಬ ತರುಣ ಅಚ್ಚು ಹಾಕಿದ ಕಾಗದಗಳನ್ನು ಹರವಿಕೊಂಡು ಕೂತಿದ್ದ. ಅವನ ಹೆಸರು ವಿರೂಪಾಕ್ಷಪ್ಪ, ರಾಯಚೂರಿನವನು. ಹೈದರಾಬಾದಿನಲ್ಲಿ ಓದಿದವನು. ಹಳ್ಳಿಯ ಮಂದಿ ಹೇಗೆ ಬದುಕುತ್ತಾರೆ, ಏನು ಉಣ್ಣುತ್ತಾರೆ, ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಮನೆಮನೆಯದೂ ಕೇಳಿ ಬರೆದುಕೊಂಡು ಬಾ ಎಂದು ಅವನ ಗುರುಗಳು ನೌಕರಿ ಕೊಟ್ಟು ಕಳಿಸಿದ್ದರು. ಪಕ್ಕದಲ್ಲಿ ಊರಗೌಡ ಅಂದಪ್ಪಗೌಡ ಲೋಡಿಗೆ ಒರಗಿದ್ದ. ಕೆಳಗೆ ಊರ ಗಂಡಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು.

“ಮುಂದಿನ ಮನಿ ಯಾರದು?” ಎಂದು ಕೇಳಿದ ವಿರೂಪಾಕ್ಷಪ್ಪ.

“ಮುದುಕಪ್ಪಂದು,” ಅಂದ ಗೌಡ. ಮುದುಕಪ್ಪ ಎದುರಿಗೇ ಇದ್ದರೂ ಬಾಯಿ ಮಾತ್ರ ಗೌಡನದು.

“ಕಸಬು?”

“ಕೂಲಿ.”

“ಹೆಂಡ್ತಿ ಏನು ಮಾಡ್ತಾಳ?”

“ಏನು ಮಾಡ್ತಾಳ? ಮನ್ಯಾಗ ಇರ್ತಾಳ. ಹೆಣಮಕ್ಳಿಗೆಂಥಾ ಕಸಬ್ರಿ?”

ಹೈದರಾಬಾದಿನಲ್ಲಿ ಅಚ್ಚಾದ ನಮೂನೆ ಉರ್ದುವಿನಲ್ಲಿತ್ತು. ವಿರೂಪಾಕ್ಷಪ್ಪ ಬರೆಯುತ್ತ ಬಾಯಲ್ಲಿ ಅಂದುಕೊಳ್ಳುವ ರೂಢಿಯವನು. “ಔರತ್ ಏಕ್. ಬೇಕಾರ್.”

ಕೂತಿದ್ದವರಲ್ಲಿ ಯಾರಿಗೂ ಅದು ತಟ್ಟಲಿಲ್ಲ. ಗೌಸಬೀಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಉರ್ದು ಅವಳ ಮನೆಮಾತು. ಬೇಕಾರ ಅಂದರೆ ಕೆಲಸವಿಲ್ಲದೆ ಕೂತು ತಿನ್ನುವವಳು. ಮುದುಕಪ್ಪನ ಹೆಂಡತಿ ಹೊಳಿಯಮ್ಮನ ಕೈಯನ್ನು ಅವಳು ವರುಷಕ್ಕೆ ಮೂರು ಸಲ ಹಿಡಿದವಳು. ಎದ್ದು ಚಾವಡಿಯ ಮೆಟ್ಟಿಲ ತನಕ ಬಂದಳು.

“ಯಾರ್ರೀ ಬೇಕಾರ?”

ಗೌಡ ಕಣ್ಣು ಕಿರಿದು ಮಾಡಿದ. “ಏ ಬಳಿಗಾರ್ತಿ, ನಿನಗ್ಯಾಕ ಊರ ಉಸಾಬರಿ? ಬಳಿ ಮಾರು, ಹೋಗು.”

“ಹೋಗ್ತೀನ್ರಿ ಗೌಡ್ರ. ಈ ಸಾಹೇಬ್ರಿಗೆ ಒಂದು ಮಾತು ಕೇಳಿ ಹೋಗ್ತೀನಿ.” ಅವಳು ವಿರೂಪಾಕ್ಷಪ್ಪನ ಕಡೆ ತಿರುಗಿದಳು. “ಹೊಳಿಯಮ್ಮನ ಅಂಗೈ ನೋಡೀರೇನ್ರಿ? ಬೀಸೂಕಲ್ಲಿನ ಗೂಟ ಹಿಡದು ಹಿಡದು ಇಲ್ಲಿ ಜಡ್ಡುಗಟ್ಟೈತಿ. ಕುಡಗೋಲು ಹತ್ತಿ ಈ ಬೆರಳು ಅರ್ಧ ಹೋಗೇತಿ. ಹಗ್ಗ ಜಗ್ಗಿ ಜಗ್ಗಿ ಇಲ್ಲಿ ಬರಿ ಬಿದ್ದೈತಿ. ಬೇಕಾರ ಕೈ ಹಿಂಗಿರ್ತಾವೇನು? ಈ ಊರಾಗ ಒಂದೊಂದು ಕೈನೂ ನಾ ಬಲ್ಲೆ. ನೀವು ಕೈ ನೋಡಿಲ್ಲ, ಬಾಯಿ ಕೇಳಿಲ್ಲ, ಕಟ್ಟಿ ಮ್ಯಾಲೆ ಕುಂತು ಬೇಕಾರ ಅಂತ ಬರದ್ರಲ್ಲಾ!”

ಗಂಡಸರಲ್ಲಿ ಯಾರೋ ನಕ್ಕರು. ಮುದುಕಪ್ಪ ಮಾತ್ರ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ. ವಿರೂಪಾಕ್ಷಪ್ಪನ ಮುಖ ಕೆಂಪಾಯಿತು. “ಹಂಗ ಬರಿಯೋದು ಪದ್ಧತಿ, ಅಮ್ಮಾ. ಮನಿ ಯಜಮಾನನ್ನ ಕೇಳಬೇಕಂತ ಹೇಳ್ಯಾರ,” ಅಂದ.

“ಯಜಮಾನಗ ಗೊತ್ತಿಲ್ಲದ್ದನ್ನ ಯಜಮಾನನ್ನ ಕೇಳಿದ್ರ ಅವ ಏನು ಹೇಳ್ಯಾನು?” ಎಂದು ಮಲಾರ ಹೊತ್ತು ಹೊರಟೇಬಿಟ್ಟಳು.

ಸಂಜೆ ಊರ ಮುಂದಿನ ಬಾವಿಯ ಹತ್ತಿರ ವಿರೂಪಾಕ್ಷಪ್ಪ ಅವಳನ್ನು ಹುಡುಕಿಕೊಂಡು ಬಂದ. ಕೋಟು ಇರಲಿಲ್ಲ, ಕಾಗದದ ಚೀಲ ಮಾತ್ರ ಹೆಗಲಲ್ಲಿತ್ತು. ಚೀಲವನ್ನು ಬಾವಿಯ ಕಟ್ಟೆಯ ಮೇಲಿಟ್ಟು, “ನಾಲ್ಕು ಊರು ಮುಗಿಸೀನಿ. ನಾಲ್ಕೂ ಊರಾಗ ಹೆಂಗಸರಿಗೆ ಅದನ್ನ ಬರದೀನಿ,” ಅಂದ.

“ಹಂಗಾರ ನಾಲ್ಕು ಊರಿನ ಸುಳ್ಳು ಹೊತ್ತು ತಿರಗಾಕತ್ತೀರಿ.”

ಅವನಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಮಧ್ಯಾಹ್ನವಿಡೀ ಊರಲ್ಲಿ ತಿರುಗಾಡಿದ್ದ ಅವನು, ಕಾಗದದಲ್ಲಿ ಬೇಕಾರ ಎಂದು ಬರೆಸಿಕೊಂಡ ಒಬ್ಬ ಹೆಂಗಸೂ ಕೂತದ್ದನ್ನು ನೋಡಿರಲಿಲ್ಲ. “ಅವ್ರು ನನ್ನ ಕೂಡ ಮಾತಾಡಂಗಿಲ್ಲ. ಸೆರಗು ಎಳಕೊಂಡು ಒಳಗ ಹೋಗ್ತಾರ. ನೀವು ಜೋಡಿ ಬಂದ್ರ ಆದೀತು.”

ಗೌಸಬೀ ಯೋಚನೆ ಮಾಡಲಿಲ್ಲ. “ಬರ್ತೀನಿ. ಆದ್ರ ಒಂದು ಮಾತು. ‘ಮುದುಕಪ್ಪನ ಹೆಂಡ್ತಿ’, ‘ಅಂದಪ್ಪನ ಹೆಂಡ್ತಿ’ ಅಂತ ಬರಿಯಂಗಿಲ್ಲ. ಅವರವ್ರ ಹೆಸರು ಬರೀಬೇಕು.”

ಮರುದಿನದಿಂದ ಕೆಲಸ ಹತ್ತಿತು. ಗೌಸಬೀ ಪಡಸಾಲೆಯಲ್ಲಿ ಮಲಾರ ಬಿಚ್ಚಿ ಕೂಡುವಳು; ವಿರೂಪಾಕ್ಷಪ್ಪ ಹೊರಗಿನ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಹಚ್ಚಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು. ಕಿಡಕಿಯಿಂದ ಅವನು ಪ್ರಶ್ನೆ ಕೇಳುವನು, ಗೌಸಬೀ ಅದನ್ನು ಹೆಂಗಸರ ಮಾತಿಗೆ ಇಳಿಸುವಳು. ಮೊದಲ ಮನೆಯಲ್ಲಿ ನಾಚಿಕೆ, ಎರಡನೆಯ ಮನೆಯಲ್ಲಿ ನಗು. ಮೂರನೆಯದರಲ್ಲಿ ಮಾತು ಹಳ್ಳ ಬಂದಂತೆ ಬಂತು. ಹೊಳಿಯಮ್ಮ ಕಿಡಕಿಯ ಹತ್ತಿರವೇ ಬಂದು, “ನನ್ನ ಹೆಸರು ಹೊಳಿಯಮ್ಮ. ಒತ್ತಿ ಬರೀರಿ, ಅಳಸಬಾರದು,” ಅಂದಳು.

ಒಂದು ದಿನ ಪೂರ್ತಿ ಅವಳ ಬೆನ್ನು ಹತ್ತಿರಿ ಎಂದು ಗೌಸಬೀಯೇ ಹೇಳಿದಳು. ವಿರೂಪಾಕ್ಷಪ್ಪ ಕೋಳಿ ಕೂಗುವ ಹೊತ್ತಿಗೆ ಗಡಿಯಾರ ಹಿಡಿದು ಓಣಿಯಲ್ಲಿ ನಿಂತ. ಬೀಸಿದ್ದು, ನೀರು ಹೊತ್ತದ್ದು, ರೊಟ್ಟಿ ಬಡಿದದ್ದು, ಹೊಲಕ್ಕೆ ಬುತ್ತಿ ಹೊತ್ತದ್ದು, ಬಗ್ಗಿದ ನಡು ಎತ್ತದೆ ಬಿತ್ತುವ ಹೊಲದ ಕಸ ಆರಿಸಿದ್ದು, ಬರುವಾಗ ಹೊರೆ ಕಟ್ಟಿಗೆ, ಮತ್ತೆ ನೀರು, ಮತ್ತೆ ಒಲೆ. ಹೊತ್ತು ಮುಳುಗುವಾಗ ಅವನು ಕಾಲು ಎಳೆಯುತ್ತ ಬಂದು ಕಟ್ಟೆಯ ಮೇಲೆ ಕುಸಿದ. “ಹದಿನೈದು ತಾಸು. ಆಕಿ ಇನ್ನೂ ಕುಂತಿಲ್ಲ. ನಾ ಬರೇ ನೋಡಿ ದಣದೆ,” ಅಂದ. ಮುದುಕಪ್ಪನ ದಿನ ಒಂಬತ್ತು ತಾಸಿಗೆ ಮುಗಿದಿತ್ತು. ಮುದುಕಪ್ಪ ಅದನ್ನು ಕೇಳಿ ಎದ್ದು ಹೋಗಿ, ಮದುವೆಯಾದಾಗಿನಿಂದ ಮೊದಲ ಸಲ, ಒಂದು ಕೊಡ ನೀರು ತಂದಿಟ್ಟ. ಹೊಳಿಯಮ್ಮ ಬೆರಗಾಗಿ ಗಂಡನ ಹಣೆ ಮುಟ್ಟಿ ಜ್ವರ ಬಂದಿದೆಯೇನೋ ನೋಡಿದಳು.

ಊಟದ ಪ್ರಶ್ನೆಯೂ ಹಾಗೆಯೇ ತಿರುಗಿಬಿತ್ತು. ಚಾವಡಿಯಲ್ಲಿ ಗಂಡಸರು ‘ರೊಟ್ಟಿ, ಬ್ಯಾಳಿ, ಮಜ್ಜಿಗಿ’ ಎಂದು ಬರೆಸಿದ್ದರು. ಒಳಗೆ ಕೇಳಿದರೆ ಹೆಂಗಸರು, “ಉಳದ್ರ ರೊಟ್ಟಿ, ಇಲ್ಲಾಂದ್ರ ಅಂಬಲಿ,” ಅಂದರು. ಗೌಡನ ಹೆಂಡತಿ ಶೇಖರಮ್ಮ ಕೂಡ, ತಲೆತುಂಬ ಸೆರಗು ಹೊದ್ದು, “ನಮ್ಮ ಮನ್ಯಾಗ ಎಲ್ಲಾ ಐತಿ ಗೌಸಕ್ಕ. ಆದ್ರ ಆಳುಕಾಳು ಉಂಡು ನನಗ ತಾಟು ಸಿಗೂದ್ರಾಗ ಹೊತ್ತು ಇಳದಿರ್ತೈತಿ. ಇದನ್ನ ಇಲ್ಲೀತನಕ ಯಾರೂ ಕೇಳಿದ್ದಿಲ್ಲ ನೋಡು,” ಅಂದಳು. ಕಿಡಕಿಯ ಆಚೆ ಅದೂ ಕಾಗದಕ್ಕೆ ಇಳಿಯಿತು.

ಆರನೆಯ ದಿನ ಗೌಸಬೀ ಮಲಾರ ಕಟ್ಟಿ, “ಆತ್ರಿ ಸಾಹೇಬ್ರ, ಊರಾಗಿನ ಹೆಣಮಕ್ಳೆಲ್ಲಾ ಮುಗದ್ರು,” ಅಂದಳು.

ವಿರೂಪಾಕ್ಷಪ್ಪ ಮನೆಗಳ ಪಟ್ಟಿಗೂ ತನ್ನ ಕಾಗದಕ್ಕೂ ತಾಳೆ ನೋಡಿ ತಲೆ ಅಲ್ಲಾಡಿಸಿದ. “ಇಲ್ಲ. ಹನ್ನೊಂದು ಮಂದಿ ಕಮ್ಮಿ ಅದಾರ.” ಒಂದೊಂದೇ ಹೆಸರು ಓದಿದ. ಸಣ್ಣವ್ವ, ಹುಲಗಮ್ಮ, ಶಂಕ್ರಮ್ಮ...

ಗೌಸಬೀ ಕಟ್ಟಿದ ಗಂಟನ್ನು ಕೈಯಲ್ಲಿ ಹಿಡಿದು ಹಾಗೇ ಕೂತಳು. ಹನ್ನೊಂದೂ ಗಂಡ ಸತ್ತವರು. ಅವರ ಮನೆಯಲ್ಲಿ ಬಳೆಯ ಮಾತಿಲ್ಲ. ಎಷ್ಟೋ ವರುಷಗಳಿಂದ ಆ ಬಾಗಿಲುಗಳ ಮುಂದೆಯೇ ಅವಳು ‘ಬಳೀ...’ ಎಂದು ಕೂಗುತ್ತ ಹಾದುಹೋಗಿದ್ದಳು, ಒಂದು ಸಲವೂ ನಿಂತಿರಲಿಲ್ಲ. ಊರಿನ ಒಂದೊಂದು ಕೈನೂ ಬಲ್ಲೆ ಎಂದು ಚಾವಡಿಯಲ್ಲಿ ಎದೆ ತಟ್ಟಿ ಹೇಳಿದವಳು! ತನ್ನ ಬೋಳು ಮಣಿಕಟ್ಟನ್ನು ಒಮ್ಮೆ ಸವರಿಕೊಂಡಳು. “ನಾನೂ ನಿಮ್ಮಂಗ ಮಾಡಿದೆ ನೋಡ್ರಿ. ನನಗ ಕಂಡಷ್ಟ ಊರು ಅಂದ್ಕೊಂಡಿದ್ದೆ. ಏಳ್ರಿ, ಹೋಗೂಣು.”

ಮಲಾರವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೋದಳು. ಸಣ್ಣವ್ವನ ಗುಡಿಸಲಲ್ಲಿ ಕೂತು ಆ ಮುದುಕಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಕೇಳಿದಳು. ಯಾರೂ ಹೇಳದೆ ಬಿಟ್ಟದ್ದನ್ನು ಸಣ್ಣವ್ವ ಹೇಳಿದಳು. ಸರಕಾರದ ದೊಡ್ಡ ಸಾಹೇಬರು ಊರಲ್ಲಿ ಡೇರೆ ಹಾಕಿ ಮುಕ್ಕಾಮು ಮಾಡಿದಾಗಲೆಲ್ಲ ಕೂಲಿ ಮಂದಿಯ ಕೆಳಗಿನ ಓಣಿಯ ಹೆಂಗಸರೇ ಚಾವಡಿ ಸಾರಿಸಬೇಕು, ಕುದುರೆಗೆ ಹುಲ್ಲು ಹೊರಬೇಕು, ನೀರು ತುಂಬಬೇಕು. ಅಂಥ ದಿನ ಹೊಲದ ಕೂಲಿಯೂ ಇಲ್ಲ, ಇದಕ್ಕೂ ಏನೂ ಇಲ್ಲ. “ಗಂಡ ಇದ್ದಾಕಿ ನೆವಾ ಹೇಳಿ ತಪ್ಪಿಸ್ಕೋತಾಳ. ನಮಗ್ಯಾರದಾರ? ಬಿಟ್ಟಿ ಅಂದ್ರ ಮೊದಲ ನಮ್ಮನ್ನ ಕರೀತಾರ. ಹೋದ ಸಲ ಜ್ವರದಾಗ ಹುಲ್ಲು ಹೊತ್ತೆ ಯವ್ವಾ.”

ವಿರೂಪಾಕ್ಷಪ್ಪ ಹನ್ನೊಂದೂ ಕಡೆ ಕೇಳಿದ. ಹನ್ನೊಂದೂ ಕಡೆ ಅದೇ ಮಾತು.

ಸುದ್ದಿ ಗೌಡನಿಗೆ ಮುಟ್ಟಲು ತಡವಾಗಲಿಲ್ಲ. ಮರುಮುಂಜಾನೆ ಚಾವಡಿಗೆ ಕರೆಸಿ, “ಸಾಹೇಬ್ರ, ಹೆಂಗಸ್ರು ಏನೇನೋ ಒದರ್ಯಾವ. ಬಿಟ್ಟಿ ಗಿಟ್ಟಿ ಅಂತ ಬರದದ್ದು ಹರದು ಹಾಕ್ರಿ. ಇಲ್ಲಾಂದ್ರ ನೀವು ಊರು ಕೆಡಸಾಕ ಬಂದೀರಂತ ಮ್ಯಾಲಿನವ್ರಿಗೆ ಅರ್ಜಿ ಹೋಗ್ತೈತಿ,” ಅಂದ.

ವಿರೂಪಾಕ್ಷಪ್ಪನದು ಹೊಸ ನೌಕರಿ. ಹೊರಗೆ ಬಂದು ಗೌಸಬೀಗೆ, “ಆ ಬಿಟ್ಟಿ ಸಾಲೊಂದು ಬಿಟ್ರ ಹೆಂಗ? ಉಳದದ್ದೆಲ್ಲಾ ಇರ್ತದ,” ಅಂದ.

“ಬಿಡ್ರಿ. ಸಣ್ಣವ್ವ ಜ್ವರದಾಗ ಹುಲ್ಲು ಹೊತ್ತದ್ದು ಬಿಡ್ರಿ, ಹೊಳಿಯಮ್ಮನ ಹದಿನೈದು ತಾಸೂ ಬಿಡ್ರಿ. ಬೇಕಾರ ಅಂತ ಬರದಿದ್ರಲ್ಲಾ, ಅದ ಛಲೋ ಇತ್ತು. ಗೌಡ್ರಿಗೂ ಸಿಟ್ಟು ಬರ್ತಿದ್ದಿಲ್ಲ, ನಿಮ್ಮ ನೌಕರಿಗೂ ಧಕ್ಕಿ ಇದ್ದಿಲ್ಲ,” ಅಂದಳು ಗೌಸಬೀ. ದನಿ ಏರಿಸಲಿಲ್ಲ. “ಆದ್ರ ಇನ್ನ ಮುಂದ ಮಂದಿ ಬದುಕು ತಿಳಕೊಳ್ಳಾಕ ಬಂದೀನಿ ಅಂತ ಎಲ್ಲೂ ಹೇಳಬ್ಯಾಡ್ರಿ.”

ಅವನು ಚೀಲ ಹೆಗಲಿಗೇರಿಸಿ ಚಾವಡಿಗೆ ಹೋಗಿ, ಮೆಟ್ಟಿಲ ಕೆಳಗೆ ನಿಂತೇ, “ಬರದದ್ದು ಬರದದ್ದು ಗೌಡ್ರ. ಅರ್ಜಿ ಕಳಿಸ್ರಿ,” ಎಂದು ಕೊಪ್ಪಳದ ದಾರಿ ಹಿಡಿದ. ತಿರುಗಿ ನೋಡಲಿಲ್ಲ.

ಗೌಡನ ಕೈಗೆ ಉಳಿದವಳು ಗೌಸಬೀ ಒಬ್ಬಳೇ. ಅವತ್ತೇ ಡಂಗುರ ಹೊಡೆಸಿದ: ಕೊಪ್ಪಳದ ಬಳೆಗಾರ್ತಿ ಇನ್ನು ಜಾಲಿಕಟ್ಟಿಯ ಅಗಸಿ ಬಾಗಿಲು ದಾಟಕೂಡದು, ಅವಳ ಹತ್ತಿರ ಯಾರೂ ಬಳೆ ಇಡಿಸಿಕೊಳ್ಳಕೂಡದು. ಡಂಗುರದ ಹಲಗೆಯ ಸಪ್ಪಳ ಕೇಳುತ್ತಲೇ ಅವಳು ಅಗಸಿ ದಾಟಿದಳು. ಮನೆಯಲ್ಲಿ ಶಬ್ಬೀರಸಾಬ, “ಹೇಳಿರಲಿಲ್ಲೇನು?” ಅಂದ. ಅವಳು ಹಿಟ್ನಾಳದ ಕಡೆ ಹೊಸ ಊರು ಹಿಡಿದಳು.

ಆಷಾಢ ಕಳೆಯಿತು. ಪಂಚಮಿ ಹಬ್ಬ ಹತ್ತಿರ ಬಂತು. ಹೆಣ್ಣುಮಕ್ಕಳ ಹಬ್ಬ, ಉಂಡಿ, ಜೋಕಾಲಿ, ಎಲ್ಲದಕ್ಕಿಂತ ಮೊದಲು ಕೈತುಂಬ ಹೊಸ ಬಳೆ. ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಹೊಳಿಯಮ್ಮ ಕೊಪ್ಪಳದ ಸಂತೆ ಮುಗಿಸಿ ಓಡುತ್ತ ಕೋಟೆ ಓಣಿಗೆ ಬಂದಳು. ಹೊಸ್ತಿಲ ಮೇಲೆ ಕೂತು ಮೊದಲು ನಕ್ಕಳು, ಆಮೇಲೆ ಮಾತಾಡಿದಳು.

“ಗೌಡ ಬ್ಯಾರೆ ಬಳಿಗಾರನ್ನ ಕರಿಸಿದ್ದ ಗೌಸಕ್ಕ. ಒಬ್ಬಾಕಿನೂ ಕೈ ಕೊಡಲಿಲ್ಲ. ‘ನಮ್ಮ ಕೈ ಅಳತಿ ಗೌಸಕ್ಕಗ ಗೊತ್ತು’ ಅಂದ್ವಿ. ಅವ ಮೂರು ದಿನ ಕುಂತು ಎದ್ದು ಹ್ವಾದ. ಆಮ್ಯಾಲೆ ಶೇಖರಮ್ಮ ಗೌಡ್ತಿ ಏನು ಮಾಡ್ಯಾಳ ಗೊತ್ತೇನು? ಇದ್ದ ಹಳೇ ಬಳಿನೂ ತಗದಿಟ್ಟು ಗಂಡಗ ಊಟಕ್ಕ ನೀಡಾಕ ಹೋಗ್ಯಾಳ. ಬೋಳು ಕೈಲೆ ರೊಟ್ಟಿ ಹಾಕಿದ್ದು ನೋಡಿ ಗೌಡ ತುತ್ತು ಬಿಟ್ಟು ಎದ್ದಾನ. ‘ಏನಿದು ಅಪಶಕುನ, ನಾ ಸತ್ತೀನೇನು?’ ಅಂದ್ರ ಈಕಿ, ‘ಬೇಕಾರ ಕೈಗೆ ಬಳಿ ಯಾಕ್ರಿ?’ ಅಂದ್ಳು. ಅಷ್ಟ. ಮರುದಿನ ಊರಾಗ ಎಲ್ಲಾರೂ ತಗದ್ವಿ. ಹಬ್ಬದಾಗ ಊರಿಗೂರ ಬೋಳು ಕೈ! ಗಂಡಸ್ರು ಜೀವಾ ಕೈಯಾಗ ಹಿಡಕೊಂಡಾರ. ನಾಳೆ ಆಳು ಬರ್ತಾನ, ನಿನ್ನ ಕರಿಯಾಕ.”

ಗೌಸಬೀ ಕಣ್ಣೊರೆಸಿಕೊಂಡಳು. ಶೇಖರಮ್ಮನ ಹಾಗೆ ಗಂಡ ಇರುವಾಗ ಕೈ ಬೋಳು ಮಾಡಿಕೊಳ್ಳಲು ಎಷ್ಟು ಎದೆ ಬೇಕೆಂದು ಅವಳಿಗೆ ಗೊತ್ತಿತ್ತು.

ಮರುದಿನ ಆಳು ಬಂದ. “ಗೌಡ್ರು ಬರಾಕ ಹೇಳ್ಯಾರ.”

“ಬ್ಯಾಡ ಅನ್ನಾಕ ಹಲಗಿ ಬಡಸಿದ್ರು. ಬಾ ಅನ್ನಾಕೂ ಹಲಗಿ ಬಡಸಲಿ. ಆಗ ಬರ್ತೀನಿ,” ಎಂದು ಬಾಗಿಲು ಹಾಕಿಕೊಂಡಳು.

ಪಂಚಮಿಯ ಹಿಂದಿನ ದಿನ ಜಾಲಿಕಟ್ಟಿಯಲ್ಲಿ ಹಲಗೆ ಬಡಿಯಿತು. ಮೊದಲೇ ಸುದ್ದಿ ತಿಳಿದು ಬಂದಿದ್ದ ಗೌಸಬೀ ಅಗಸಿಯ ಹೊರಗೆ ನಿಂತು ಅದನ್ನು ಪೂರಾ ಕೇಳಿಸಿಕೊಂಡೇ ಒಳಗೆ ಕಾಲಿಟ್ಟಳು. ಹೊತ್ತು ಮುಳುಗುವ ತನಕ ಬೆರಳು ನೋಯುವಷ್ಟು ಬಳೆ ಇಡಿಸಿದಳು. ಮೊದಲ ಕೈ ಶೇಖರಮ್ಮನದು. ಹನ್ನೊಂದು ಮನೆಗಳ ಮುಂದೆಯೂ ಅವತ್ತು ನಿಂತಳು. ಬಳೆಗಲ್ಲ, ನೀರು ಕುಡಿದು ನಾಲ್ಕು ಮಾತಾಡಿ ಏಳುವುದಕ್ಕೆ. ಅದು ಮುಂದೆ ರೂಢಿಯಾಯಿತು.

ಒಂದೂವರೆ ವರುಷದ ಮೇಲೆ ವಿರೂಪಾಕ್ಷಪ್ಪ ಒಂದು ಅಚ್ಚಾದ ಪುಸ್ತಕ ಹಿಡಿದು ಜಾಲಿಕಟ್ಟಿಗೆ ಬಂದ. ಗೌಡನ ಅರ್ಜಿಯಿಂದ ಅವನನ್ನು ಬೇರೆ ಕಡೆ ಹಾಕಿದ್ದರು, ಆದರೆ ಬರೆದದ್ದು ಉಳಿದಿತ್ತು. ಹುಣಸೆ ಮರದ ಕೆಳಗೆ ಹೆಂಗಸರ ನಡುವೆ ಕೂತು ಉರ್ದು ಓದಿ ಕನ್ನಡದಲ್ಲಿ ಹೇಳಿದ. ಹೆಸರುಗಳು ಎಲ್ಲೂ ಇರಲಿಲ್ಲ, ಬರೀ ಸಂಖ್ಯೆ. ಹೊಳಿಯಮ್ಮ ಮುನಿಸಿಕೊಂಡಳು. “ಒತ್ತಿ ಬರೀರಿ ಅಂದಿದ್ದೆ.”

“ನಿನ್ನ ಹೆಸರಿನ ಕಾಗದ ನನ್ನ ಹತ್ರ ಜೋಪಾನ ಐತಿ ಅವ್ವಾ. ಇದರಾಗ ನೀವೆಲ್ಲಾ ಕೂಡೀರಿ. ಬಿಟ್ಟಿ ಮಾತೂ ಐತಿ, ನೋಡ್ರಿ, ಈ ಸಾಲು,” ಎಂದು ಬೆರಳಿಟ್ಟು ತೋರಿಸಿದ.

“ಹನ್ನೊಂದು ಮಂದಿ?” ಅಂದಳು ಗೌಸಬೀ.

“ಅದಾರ.”

ಹೆಂಗಸರು ಒಬ್ಬರ ಹಿಂದೊಬ್ಬರು ಬಗ್ಗಿ, ಓದಲು ಬಾರದ ಆ ಸಾಲನ್ನು ಮುಟ್ಟಿ ನೋಡಿದರು. ಯಾರೂ ಬಂದು ಅವರ ಬಿಟ್ಟಿ ಬಿಡಿಸಲಿಲ್ಲ, ಪುಸ್ತಕ ಓದಿ ಯಾವ ಸಾಹೇಬನೂ ಕುದುರೆ ಏರಿ ಬರಲಿಲ್ಲ. ಆದರೆ ತಮ್ಮದು ಒಬ್ಬೊಬ್ಬರ ಹಣೆಬರಹವಲ್ಲ, ಎಣಿಸಿ ಬರೆಯುವಂಥ ಅನ್ಯಾಯ ಎಂದು ಅವರಿಗೆ ಗೊತ್ತಾಯಿತು.

ಆ ಮಾಗಿಯಲ್ಲಿ ಸಾಹೇಬರ ಮುಕ್ಕಾಮು ಬಂತು. ಗೌಡನ ಆಳು ಕೆಳಗಿನ ಓಣಿಗೆ ಬಂದು ಬಿಟ್ಟಿಗೆ ಕೂಗಿದ. ಒಬ್ಬಳೂ ಏಳಲಿಲ್ಲ. ಗೌಸಬೀ ಅವತ್ತು ಊರಲ್ಲೇ ಇದ್ದಳು. ಸಣ್ಣವ್ವನ ಕಟ್ಟೆಯ ಮೇಲೆ ಅವರ ಜೊತೆ ಕೂತಳು. ಕೊನೆಗೆ ಅಂದಪ್ಪಗೌಡನೇ ಬಂದ.

“ಎಲ್ಲಾ ನಿನ್ನಿಂದ ಬಳಿಗಾರ್ತಿ.”

“ನಾ ಬರೇ ಕೇಳಿದೆ ಗೌಡ್ರ. ಹೇಳಿದಾಕಿ ಸಣ್ಣವ್ವ.”

ಸಣ್ಣವ್ವ ಗೋಡೆ ಹಿಡಿದು ಎದ್ದಳು. “ಕೂಲಿ ಕೊಟ್ರ ಬರ್ತೀವಿ. ಇಲ್ಲಾಂದ್ರ ನಿಮ್ಮ ಸಾಹೇಬ್ರ ಕುದರಿ ಉಪವಾಸ ಇರಲಿ. ನಾವು ಇದ್ದು ರೂಢಿ ಐತಿ, ಅದಕ್ಕೂ ಆಗಲಿ.”

ದೂರದಲ್ಲಿ ಡೇರೆಯ ಗಾಡಿಗಳು ಏರಿಯ ಮೇಲೆ ಕಾಣುತ್ತಿದ್ದವು. ಗೌಡ ಒಮ್ಮೆ ಅತ್ತ ನೋಡಿದ, ಒಮ್ಮೆ ಇತ್ತ. ತಿರುಗಿ ಹೋದ. ಸ್ವಲ್ಪ ಹೊತ್ತಿಗೆ ಆಳು ಕೂಲಿಯ ಜೋಳದ ಚೀಲ ಹೊತ್ತು ಬಂದು ಓಣಿಯ ನಡುವೆ ಇಳಿಸಿ, ಮೊಗೆದು ಕೈಯಲ್ಲಿ ಹಿಡಿದು, “ಏ ಮುದುಕಿ, ಸೆರಗು ಒಡ್ಡು,” ಅಂದ.

“ಬೇಡಾಕ ನಿಂತಿಲ್ಲ,” ಎಂದು ಸಣ್ಣವ್ವ ತನ್ನ ಬುಟ್ಟಿಯನ್ನು ಅವನ ಮುಂದಿಟ್ಟಳು. “ಇದರಾಗ ಹಾಕು.”